ಹರತಾಳದ ದಿನ ಬ್ಯಾಕಪ್ ತೆಗೆಯುತ್ತಿದ್ದ ದಾಮಣ್ಣ

ದಾಮಣ್ಣ ಜನರನ್ನು ಜಿಬಿಯಲ್ಲಿ ಅಳೆಯುತ್ತಿದ್ದರು. ಮದುವೆಯ ವಿಡಿಯೋ ಬುಕ್ ಮಾಡಲು ಸ್ಟುಡಿಯೋಕ್ಕೆ ಬಂದವರು ದಿನ, ಹಾಲ್ ಹೇಳಿ ಮುಗಿಸುವ ಮೊದಲೇ ದಾಮಣ್ಣನ ಪ್ರಶ್ನೆಗಳು ಶುರುವಾಗುತ್ತಿದ್ದವು. ಹುಡುಗ ಗಲ್ಫಿನಲ್ಲಿಯಾ? ಮದರಂಗಿ ಬೇರೆ ದಿನ ಉಂಟಾ? ಹುಡುಗಿಗೆ ತಂಗಿಯರು ಎಷ್ಟು? ಅವರು ಡ್ಯಾನ್ಸ್ ಮಾಡ್ತಾರಾ? ಬಂದವರು ಇದೆಲ್ಲ ತಮ್ಮ ಕುಟುಂಬದ ಮೇಲಿನ ಅಕ್ಕರೆ ಎಂದುಕೊಂಡು ಸೋದರಮಾವಂದಿರ ಹೆಸರನ್ನೂ ಬಿಡದೆ ಹೇಳುತ್ತಿದ್ದರು. ಅವರು ಹೊರಗೆ ಹೋದ ಮೇಲೆ ದಾಮಣ್ಣ ನನ್ನ ಕಡೆ ತಿರುಗಿ, “ಮುನ್ನೂರು ಜಿಬಿ. ತಂಗಿಯರು ಕುಣಿಯುವವರು, ನಾನೂರು ಇಟ್ಟುಕೊ” ಎನ್ನುತ್ತಿದ್ದರು.

ಕೇರಳದ ಗಡಿಯಲ್ಲಿರುವ ಹೊಸಂಗಡಿಯ ಜಂಕ್ಷನ್‌ನಿಂದ ಸ್ವಲ್ಪ ಒಳಗೆ, ಒಳನಾಡಿನ ಬಸ್ಸುಗಳು ನಿಲ್ಲುವ ಕಡೆ, ಸಾಲು ಅಂಗಡಿಗಳ ಕೊನೆಯಲ್ಲಿ ಅವರ ಸ್ಟುಡಿಯೋ ಇತ್ತು. ಮುಂದೆ ಶಟರ್, ಒಳಗೆ ಎಡಿಟಿಂಗ್ ಮೇಜು, ಅದರ ಹಿಂದೆ ಪಾಸ್‌ಪೋರ್ಟ್ ಫೋಟೋ ತೆಗೆಯುವ ನೀಲಿ ಪರದೆ, ಅದರ ಪಕ್ಕದಲ್ಲಿ ಸೀರೆ ಸರಿಮಾಡಿಕೊಳ್ಳಲು ಒಂದು ಸಣ್ಣ ಕೋಣೆ. ನಾನು ಕಾಸರಗೋಡಿನಲ್ಲಿ ಡಿಗ್ರಿ ಮುಗಿಸಿ, ಬೇರೆ ಕೆಲಸ ಸಿಗುವವರೆಗೆ ಎಂದು ಅಲ್ಲಿ ಎಡಿಟಿಂಗಿಗೆ ಸೇರಿದೆ. ಬೇರೆ ಕೆಲಸ ಹುಡುಕುವುದನ್ನು ಯಾವಾಗ ಬಿಟ್ಟೆ ಎಂದು ನೆನಪಿಲ್ಲ.

ದಾಮಣ್ಣನ ಎಡಗಿವಿ ಕೇಳುತ್ತಿರಲಿಲ್ಲ. ಮಾತಾಡುವವರ ಕಡೆಗೆ ಬಲಗಿವಿ ಕೊಟ್ಟು, ಮುಖ ಬೇರೆಲ್ಲೋ ಇಟ್ಟು ನಿಲ್ಲುತ್ತಿದ್ದರು. ಹೊಸಬರಿಗೆ ಅದು ಅಸಡ್ಡೆಯಂತೆ ಕಾಣುತ್ತಿತ್ತು. ಹುಟ್ಟಿನಿಂದಲೇ ಹಾಗೆಯೇ ಎಂದು ನಾನು ಒಮ್ಮೆ ಕೇಳಿದ್ದಕ್ಕೆ, “ಇಲ್ಲ ಮಾರಾಯ್ತಿ, ಅದು ಒಂದು ಕ್ಯಾಸೆಟಿನಿಂದ ಹೋದದ್ದು” ಎಂದರು.

ಅದು ಅವರು ಹೊಸದಾಗಿ ಸ್ಟುಡಿಯೋ ಹಾಕಿದ ಕಾಲ, ಎರಡು ಸಾವಿರದ ಒಂದೋ ಎರಡೋ ಇರಬೇಕು. ಆಗ ಎಲ್ಲವೂ ಕ್ಯಾಸೆಟಿನಲ್ಲಿ. ಮದುವೆಯವರಿಗೆ ಒಂದು ಪ್ರತಿ ಕೊಟ್ಟಾದ ಮೇಲೆ ಮೂಲ ಕ್ಯಾಸೆಟಿನ ಮೇಲೆಯೇ ಮುಂದಿನ ಮದುವೆಯನ್ನು ರೆಕಾರ್ಡ್ ಮಾಡುವುದು ಎಲ್ಲ ಸ್ಟುಡಿಯೋಗಳ ರೂಢಿ. ಒಂದು ದಿನ ಒಬ್ಬ ಹೆಂಗಸು ತಮ್ಮನನ್ನು ಕರೆದುಕೊಂಡು ಬಂದಳು. ಅವಳ ಗಂಡ ದುಬೈಯಲ್ಲಿ ಕಟ್ಟಡದಿಂದ ಬಿದ್ದು ಸತ್ತಿದ್ದ. ಅವರ ಮನೆಯಲ್ಲಿದ್ದ ಮದುವೆಯ ಕ್ಯಾಸೆಟಿಗೆ ಬೂಷ್ಟು ಹಿಡಿದಿತ್ತು. ಮೂಲ ನಿಮ್ಮಲ್ಲಿ ಉಂಟಲ್ಲ, ಅವರು ನಡೆದಾಡುವುದನ್ನು ಮಕ್ಕಳಿಗೆ ತೋರಿಸಬೇಕು ಎಂದಳು. ದಾಮಣ್ಣ ಮೂಲ ಹುಡುಕಿದರು. ಅದರಲ್ಲಿ ಯಾರದ್ದೋ ಹೊಸ ಮನೆಯ ಒಕ್ಕಲು ಇತ್ತು. ಆ ತಮ್ಮ ದಾಮಣ್ಣನ ಕಿವಿಗೆ ಬೀಸಿ ಹೊಡೆದ. ದಾಮಣ್ಣ ಕೌಂಟರಿನ ಗಾಜಿನ ಮೇಲೆ ಬಿದ್ದರು. ಎದ್ದಾಗ ಒಂದು ಕಡೆಯ ಲೋಕ ನಿಂತುಹೋಗಿತ್ತಂತೆ.

“ಪೊಲೀಸ್ ಕಂಪ್ಲೇಂಟ್ ಕೊಡ್ಲಿಲ್ವಾ?”

“ಎಂತ ಕೊಡುದು? ಅದು ನಂಗೆ ಸಿಗಬೇಕಾದ ಪೆಟ್ಟು. ಇನ್ನೊಂದು ಸಿಗಬಾರದು ಅಂತ ನೋಡಿಕೊಂಡರೆ ಸಾಕು.”

ಅಲ್ಲಿಂದ ಅವರು ಏನನ್ನೂ ಅಳಿಸದ ಮನುಷ್ಯರಾದರು. ಊರಿನ ಮದುವೆ, ಮದರಂಗಿ, ಕ್ರೈಸ್ತರ ರೋಸ್ ಶಾಸ್ತ್ರ, ಮನೆ ಒಕ್ಕಲು, ಎಲ್ಲವೂ ಅವರಲ್ಲಿ ಎರಡು ಕಡೆ ಇರಬೇಕು. ಎಡಿಟಿಂಗ್ ಕಂಪ್ಯೂಟರಿನಲ್ಲಿ ಒಂದು, ಬ್ಯಾಕಪ್ ಪೆಟ್ಟಿಗೆಯಲ್ಲಿ ಒಂದು. ನಾಲ್ಕು ಡಿಸ್ಕು ಹಿಡಿಯುವ ಆ ಕಪ್ಪು ಪೆಟ್ಟಿಗೆಯನ್ನು ಸೀರೆಯ ಕೋಣೆಯಲ್ಲಿ, ಕನ್ನಡಿಯ ಕೆಳಗಿನ ಗೂಡಿನಲ್ಲಿ ಇಟ್ಟು, ಗೋಡೆ ಕೊರೆದು ವಯರ್ ಎಳೆದಿದ್ದರು. ಮದುಮಗಳು ಸೆರಗು ಸರಿಮಾಡಿಕೊಳ್ಳುವಾಗ ಅದರ ನೀಲಿ ದೀಪ ಅವಳ ಕಾಲ ಹತ್ತಿರ ಮಿನುಗುತ್ತಿತ್ತು. “ಸರ್, ಅಲ್ಲಿ ಕ್ಯಾಮರಾ ಎಂತದ್ದೂ ಇಲ್ಲವಲ್ಲ?” ಎಂದು ಒಬ್ಬಳ ತಾಯಿ ಕೇಳಿ, ದಾಮಣ್ಣ ನಾಚಿಕೆಯಿಂದ ಕೆಂಪಾಗಿ, ಪೆಟ್ಟಿಗೆಯ ಮುಚ್ಚಳ ತೆಗೆದು ಒಳಗಿನದ್ದನ್ನೆಲ್ಲ ಅವರಿಗೆ ತೋರಿಸಿದ್ದರು. ಮದುಮಗಳು ಕಾದು ಕಾದು ಕೊನೆಗೆ, ಅಮ್ಮ ಸಾಕು, ಮುಹೂರ್ತ ಇವತ್ತೇ ಇರುದು ಎಂದಳು.

ಪೆಟ್ಟಿಗೆಗೆ ಎಷ್ಟು ದೊಡ್ಡ ಡಿಸ್ಕು ಬೇಕು ಎಂಬುದು ಅವರಿಗೆ ವರ್ಷವಿಡೀ ಇದ್ದ ಚಿಂತೆ. ಅವರ ಲೆಕ್ಕ ಸರಳವಾಗಿತ್ತು. ಈಗ ಇರುವುದು, ಅದರ ಮೇಲೆ ಬರುವ ಸೀಸನ್ನಿನಲ್ಲಿ ಸೇರುವುದು, ಎರಡನ್ನೂ ಕೂಡಿಸಿ ಅದಕ್ಕೆ ದುಪ್ಪಟ್ಟು. ದುಪ್ಪಟ್ಟು ಯಾಕೆಂದರೆ ಆ ಪೆಟ್ಟಿಗೆಯಲ್ಲಿ ಹಳೆಯ ಪ್ರತಿಗೆ ಹೊಸತನ್ನು ಮಾತ್ರ ಸೇರಿಸಲು ಬರುತ್ತಿರಲಿಲ್ಲ, ಪ್ರತಿ ಸಲ ಎಲ್ಲವನ್ನೂ ಮೊದಲಿನಿಂದ ಇಳಿಸಬೇಕು; ಹೊಸ ಪ್ರತಿ ಪೂರ್ತಿ ಇಳಿದು, ಅದರಲ್ಲಿ ನಾಲ್ಕಾರು ಮದುವೆ ತೆರೆದು ನೋಡಿ, ಸರಿ ಉಂಟು ಎಂದಾದ ಮೇಲೆಯೇ ಹಳೆಯ ಪ್ರತಿಯನ್ನು ತೆಗೆಯಬೇಕು. ಅಷ್ಟು ಹೊತ್ತು ಎರಡಕ್ಕೂ ಸ್ಥಳ ಬೇಕು. ಅರ್ಧ ಖಾಲಿ ಡಿಸ್ಕಿಗೆ ದುಡ್ಡು ಹಾಕುವುದು ಯಾಕೆ ಎಂದು ಅವರ ಹೆಂಡತಿ ಲಲಿತಕ್ಕ ಗೊಣಗಿದರೆ, “ನೀನು ಕೊಡಪಾನದ ಬಾಯಿವರೆಗೆ ನೀರು ತುಂಬಿಸಿ ಸೊಂಟದಲ್ಲಿ ಇಡ್ತೀಯಾ?” ಎಂದು ಕೇಳುತ್ತಿದ್ದರು. “ನಮ್ಮಲ್ಲಿ ಈಗ ಪಂಪು ಉಂಟು” ಎನ್ನುತ್ತಿದ್ದರು ಲಲಿತಕ್ಕ.

ಪೂರ್ತಿ ಪ್ರತಿ ಇಳಿಸಲು ಇಡೀ ದಿನ ಬೇಕು. ಆ ಹೊತ್ತಿನಲ್ಲಿ ಎಡಿಟಿಂಗ್ ಮಾಡಿದರೆ ಕಂಪ್ಯೂಟರು ತೆವಳುತ್ತದೆ. ವಾರದ ದಿನಗಳಲ್ಲಿ ಎಡಿಟಿಂಗ್, ಭಾನುವಾರ ಮದುವೆ. ರಾತ್ರಿ ಮಿಷನ್ ಬಿಟ್ಟುಹೋದರೆ ಕರೆಂಟಿನ ಭರವಸೆ ಇಲ್ಲ. ಹಾಗಾಗಿ ದಾಮಣ್ಣ ಕೇರಳದಲ್ಲಿ ಯಾರಿಗೂ ಕಷ್ಟವಿಲ್ಲದೆ ಸಿಗುವ ರಜೆಯನ್ನು ಹಿಡಿದುಕೊಂಡಿದ್ದರು. ಹರತಾಳದ ದಿನ ಗಿರಾಕಿ ಇಲ್ಲ, ಶೂಟಿಂಗ್ ಇಲ್ಲ, ಆಲ್ಬಮ್ ಎಲ್ಲಿ ಎಂದು ಕೇಳುವ ಫೋನೂ ಇಲ್ಲ. ಬೆಳಿಗ್ಗೆ ಪಿಕೆಟಿಂಗಿನವರು ಏಳುವ ಮೊದಲು ಒಳದಾರಿಯಲ್ಲಿ ಸ್ಕೂಟರಿನಲ್ಲಿ ಬಂದು, ಒಳಗೆ ಸೇರಿ, ಶಟರ್ ಎಳೆದುಕೊಂಡು, ಬ್ಯಾಕಪಿಗೆ ಹಾಕಿ, ಸ್ಟೂಲಿನ ಮೇಲೆ ಕುಳಿತು ಹಳೆಯ ಮದುವೆಗಳನ್ನು ನೋಡುತ್ತಿದ್ದರು. ಪಕ್ಷ ಯಾವುದಾದರೇನು, “ನಮ್ಮ ಬ್ಯಾಕಪ್‌ಗೆ ಕರೆ ಕೊಟ್ಟಿದ್ದಾರೆ” ಎಂದು ನನಗೆ ಫೋನ್ ಬರುತ್ತಿತ್ತು. ನನ್ನ ಮನೆ ರೈಲ್ವೆ ಗೇಟಿನ ಆಚೆಯೇ ಇದ್ದುದರಿಂದ ನಾನೂ ನಡೆದು ಹೋಗುತ್ತಿದ್ದೆ. ತಿಂಗಳಿಗೊಂದು ಹರತಾಳ ಎಂದು ಇಟ್ಟುಕೊಂಡೇ ಅವರು ಡಿಸ್ಕಿನ ಲೆಕ್ಕ ಹಾಕುತ್ತಿದ್ದರು. ಅದು ಹೆಚ್ಚುಕಡಿಮೆ ಸರಿಯಾಗಿಯೇ ನಡೆಯುತ್ತಿತ್ತು.

ನಂತರ ಒಂದು ವರ್ಷ ನಮ್ಮ ಕಡೆ ಹರತಾಳವೇ ಬರಲಿಲ್ಲ.

ಅದೇ ಸೀಸನ್ನಿನಲ್ಲಿ ಎಲ್ಲರಿಗೂ ಡ್ರೋನ್ ಬೇಕಾಯಿತು. ಹೊಸ ಕ್ಯಾಮರಾ ಬಂತು. ಮೊದಲು ಒಂದು ಮದುವೆ ಕೂರುತ್ತಿದ್ದ ಕಡೆ ಈಗ ಮದರಂಗಿ ಮಾತ್ರ ಕೂರುತ್ತಿತ್ತು. ಬ್ಯಾಕಪ್ ಬಾಕಿ ಉಳಿಯುತ್ತಾ ಹೋಯಿತು. ಪೇಪರ್ ಬಂದ ಕೂಡಲೇ ದಾಮಣ್ಣ ಎಲ್ಲಾದರೂ ಬಂದ್ ಕರೆ ಉಂಟಾ ಎಂದು ಹುಡುಕುತ್ತಿದ್ದರು. ಇಲ್ಲದಿದ್ದರೆ ಪೇಪರ್ ಮಡಚಿಟ್ಟು, “ಊರಲ್ಲಿ ಶಾಂತಿ ಜಾಸ್ತಿಯಾಯ್ತು ಮಾರಾಯ್ತಿ, ನಮ್ಮ ಕೆಲಸ ಕೆಟ್ಟಿತು” ಎಂದು ನಗುತ್ತಿದ್ದರು. ನಾನೂ ನಗುತ್ತಿದ್ದೆ. ಒಂದು ಭಾನುವಾರದ ಮದುವೆ ಬಿಟ್ಟು ಪ್ರತಿ ತೆಗೆಯೋಣ ಎಂದರೆ, ಇಷ್ಟು ದಿನ ಕಾದದ್ದಾಯ್ತಲ್ಲ, ಇನ್ನೇನು ಬರ್ತದೆ ಎನ್ನುತ್ತಿದ್ದರು.

ಬಂತು. ಒಳಊರಿನಲ್ಲಿ ಒಬ್ಬ ಹುಡುಗನನ್ನು ಬೈಕಿನಿಂದ ಕೆಡವಿ ಕಡಿದರು. ಊರು ಯಾವುದು, ಪಕ್ಷ ಯಾವುದು ಎಂದು ನಾನು ಇಲ್ಲಿ ಬರೆಯುವುದಿಲ್ಲ. ಬರೆದರೆ ಓದುವವರು ಅದನ್ನು ಮಾತ್ರ ಓದುತ್ತಾರೆ. ಸಂಜೆಯೊಳಗೆ ಮರುದಿನದ ಹರತಾಳ ಘೋಷಣೆಯಾಯಿತು.

ಅದೇ ಸಂಜೆ ಎಡಿಟಿಂಗ್ ಕಂಪ್ಯೂಟರಿನ ದೊಡ್ಡ ಡಿಸ್ಕು ಟಿಕ್ ಟಿಕ್ ಎನ್ನಲು ಶುರುಮಾಡಿತ್ತು. ದಾಮಣ್ಣ ಬಲಗಿವಿಯನ್ನು ಅದಕ್ಕೆ ತಾಗಿಸಿ ಕಣ್ಣು ಮುಚ್ಚಿ ಕೇಳಿದರು. “ಇದು ಹೋಗುವ ಶಬ್ದ” ಎಂದರು. “ನಾಳೆ ನೀನು ಬರ್ಬೇಡ. ಇದು ಸಾಧಾರಣ ಹರತಾಳ ಅಲ್ಲ.” ಆದರೆ ನಾನು ಎಡಿಟ್ ಮಾಡಿ ಇನ್ನೂ ಕೊಟ್ಟಿರದ ಆರೇಳು ಮದುವೆ ಆ ಡಿಸ್ಕಿನಲ್ಲಿದ್ದವು. ನಾನು ಹೋದೆ.

ಒಳಗೆ ಹೋದಾಗ ಅವರು ಪೆಟ್ಟಿಗೆಯ ಮುಂದೆ ನೆಲದ ಮೇಲೆ ಕುಳಿತಿದ್ದರು. ಲೆಕ್ಕ ತಪ್ಪಿತ್ತು. ಹಳೆಯ ಪ್ರತಿ ಇದ್ದ ಹಾಗೆ ಇಟ್ಟು ಹೊಸತು ಇಳಿಸುವಷ್ಟು ಖಾಲಿ ಉಳಿದಿರಲಿಲ್ಲ. ಹೊಸ ಡಿಸ್ಕಿಗೆ ಮಂಗಳೂರಿನಲ್ಲಿ ಹೇಳಿಟ್ಟಿದ್ದರು, ಬಂದಿರಲಿಲ್ಲ. ಟಿಕ್ ಎನ್ನುವ ಡಿಸ್ಕು ನಾಳೆಯವರೆಗೆ ನಿಲ್ಲುತ್ತದೆಂಬ ನಂಬಿಕೆ ಇರಲಿಲ್ಲ.

“ಹಳೆಯದನ್ನು ತೆಗೀಲಿಕ್ಕೇ ಬೇಕಾ?” ಎಂದೆ.

“ತೆಗೆಯದಿದ್ದರೆ ಈ ವರ್ಷದ್ದು ಒಂದೂ ಉಳಿಯುದಿಲ್ಲ. ತೆಗೆದರೆ ಇದು ಮುಗಿಯುವವರೆಗೆ ನಮ್ಮಲ್ಲಿ ಸರಿಯಾದ ಪ್ರತಿ ಒಂದೂ ಇಲ್ಲ.” ಅವರು ಮೀಸೆಯನ್ನು ಹಲ್ಲಿನಲ್ಲಿ ಕಚ್ಚಿಕೊಂಡರು. “ಎಂತ ಮಾಡುದು ಹೇಳು. ನೀನು ಕಲಿತವಳಲ್ವಾ?”

ನನಗೂ ಬೇರೆ ದಾರಿ ಕಾಣಲಿಲ್ಲ. ಹಾಗೆಂದೆ. ಅವರು ಹಳೆಯ ಪ್ರತಿಯನ್ನು ಅಳಿಸಿದರು. ಅದಕ್ಕೆ ಒಂದು ಕ್ಷಣವೂ ಹಿಡಿಯಲಿಲ್ಲ. ನಂತರ ಹೊಸತಕ್ಕೆ ಹಾಕಿದರು. ಪರದೆಯ ಮೇಲೆ ಹಸಿರು ಗೆರೆ ಮೂಲೆಯಲ್ಲಿ ಚೂರು ಕಾಣಿಸಿಕೊಂಡಿತು. ಸಂಜೆಯಾಗುತ್ತದೆ ಎಂದು ತೋರಿಸಿತು. ಮೊದಲು ಹಳೆಯ ವರ್ಷಗಳನ್ನು ಹಾಕಿದ್ದರು. ಹಳಬರ ಡಿವಿಡಿಗಳು ಈ ಹವೆಯಲ್ಲಿ ಹಾಳಾಗಿರುತ್ತವೆ, ಹೊಸ ಮದುವೆಯವರಲ್ಲಿ ಆದರೂ ಒಂದೊಂದು ಇರಬಹುದು ಎಂದು. ಕೊಟ್ಟಿರದ ಮದುವೆಗಳನ್ನು ಅದಕ್ಕೂ ಮೊದಲು ಸೇರಿಸಿದ್ದರು. ಕೊನೆಗೆ ಉಳಿದವು ಆ ವರ್ಷ ಡಿವಿಡಿ ಕೊಟ್ಟು ಮುಗಿಸಿದ್ದ ಮದುವೆಗಳು.

ಮಧ್ಯಾಹ್ನ ನಾವಿಬ್ಬರೂ ಬುತ್ತಿ ಬಿಚ್ಚಿದೆವು. ಲಲಿತಕ್ಕ ಬಂಗುಡೆ ಮೀನಿನ ಪುಳಿಮುಂಚಿ ಕಳಿಸಿದ್ದರು. ಊಟದ ವಾಸನೆ ಹೋಗಲಿ ಎಂದು ದಾಮಣ್ಣ ಶಟರಿನ ಮೇಲಿನ ಎಕ್ಸಾಸ್ಟ್ ಫ್ಯಾನ್ ಹಾಕಿದರು. ಈಗಲೂ ನನಗೆ ಅದೇ ಮೊದಲು ನೆನಪಿಗೆ ಬರುವುದು. ಆ ಸ್ವಿಚ್ಚಿನ ಕಡೆಗೆ ಹೋದ ಅವರ ಕೈ.

ಘೋಷಣೆ ದೂರದಿಂದ ಕೇಳಿದಾಗ ನಾನು ಹೇಳಿದೆ. ಅವರಿಗೆ ಅದು ಇನ್ನೂ ಕೇಳಿಸಿರಲಿಲ್ಲ. ಮೆರವಣಿಗೆ ಬಂದರೆ ಬಂದು ಹೋಗುತ್ತದೆ, ಸುಮ್ಮನೆ ಕೂರು ಎಂದರು. ಅದು ಹತ್ತಿರವಾಯಿತು. ಮೊದಲು ಎದುರಿನ ಕಡೆಯಿಂದ ಗಾಜು ಒಡೆಯುವ ಸದ್ದು. ಆಮೇಲೆ ಯಾರದ್ದೋ ಬೈಕಿಗೆ ಬೆಂಕಿ ಕೊಟ್ಟದ್ದು, ಪೆಟ್ರೋಲಿನ ವಾಸನೆ ಶಟರಿನ ಕೆಳಗಿನಿಂದ ಬಂತು. ಘೋಷಣೆ ನಮ್ಮ ಮುಂದೆ ಬಂದು ಮುಂದಕ್ಕೂ ಹೋಯಿತು. ನಾನು ಉಸಿರು ಬಿಟ್ಟೆ. ಆಗ ಒಂದು ಸ್ವರ ಹಿಂದೆ ಉಳಿಯಿತು.

“ಓಯ್, ಫ್ಯಾನ್ ತಿರುಗ್ತದೆ ಇಲ್ಲಿ. ಒಳಗೆ ಜನ ಉಂಟು.”

ಒಂದು ಕಲ್ಲು ಶಟರಿಗೆ ಬಿತ್ತು. ತಗಡಿನ ಡಬ್ಬದೊಳಗೆ ಕುಳಿತವರಿಗೆ ಅದು ಎಷ್ಟು ದೊಡ್ಡ ಸದ್ದು ಎಂದು ಹೇಳಲಾರೆ. ನಂತರ ರಾಡು. “ಹರತಾಳದ ದಿವಸ ಅಂಗಡಿ ತೆರೆಯುವ ಧೈರ್ಯ ಯಾವನಿಗೆ? ನಮ್ಮ ಹುಡುಗನ ಹೆಣ ಇನ್ನೂ ಆಸ್ಪತ್ರೆಯಲ್ಲಿ ಉಂಟು.” ಹಿಂದಿನ ಕಡೆ ಒಂದು ಸಣ್ಣ ಬಾಗಿಲಿತ್ತು, ಬಾವಿಯ ಕಡೆ ತೆರೆಯುವುದು. ನಾನು ದಾಮಣ್ಣನ ಅಂಗಿ ಹಿಡಿದು ಎಳೆದೆ. “ಹೋಗುವ ದಾಮಣ್ಣ. ಬಿಟ್ಟು ಹೋಗುವ.”

ಅವರು ಕಂಪ್ಯೂಟರಿನ ಪರದೆ ನೋಡಿದರು. ಗೆರೆ ಮುಕ್ಕಾಲು ದಾಟಿತ್ತು.

“ಇನ್ನು ಸ್ವಲ್ಪ ಉಂಟು” ಎಂದರು. “ನೀನು ಹೋಗು.”

ನಾನು ಹಿಂಬಾಗಿಲಿಗೆ ಹೋದೆ. ಬಾವಿಯ ಕಡೆಯೂ ಕಾಲುಗಳ ಸದ್ದು ಇತ್ತು. ತಿರುಗಿ ಓಡಿ ಬಂದಾಗ ದಾಮಣ್ಣ ನನ್ನ ರಟ್ಟೆ ಹಿಡಿದು ಸೀರೆಯ ಕೋಣೆಗೆ ನೂಕಿ ಅದರ ಬಾಗಿಲಿನ ಬಟ್ಟೆಯ ಪರದೆ ಎಳೆದರು. ನಾನು ಕನ್ನಡಿಯ ಕೆಳಗೆ, ಪೆಟ್ಟಿಗೆಯ ಪಕ್ಕದಲ್ಲಿ, ಮಂಡಿಯೊಳಗೆ ತಲೆ ಇಟ್ಟು ಕುಳಿತೆ. ನೀಲಿ ದೀಪ ಮಿನುಗುತ್ತಿತ್ತು. ಅದು ಪರದೆಯ ಆಚೆ ಕಾಣುತ್ತದೆಂದು ಹೆದರಿ ಎರಡೂ ಅಂಗೈ ಅದರ ಮೇಲೆ ಇಟ್ಟೆ.

ಶಟರ್ ಬಾಗಿ ಮೇಲೆದ್ದಿತು. ಪರದೆಯ ಸಂದಿನಿಂದ ಕಂಡ ಹಾಗೆ ಆರು ಮಂದಿ ಒಳಗೆ ಬಂದಿರಬೇಕು, ಮುಖಕ್ಕೆ ಬೈರಾಸು ಸುತ್ತಿದವರು. ದಾಮಣ್ಣ ಮೇಜಿಗೆ ಬೆನ್ನು ಕೊಟ್ಟು ನಿಂತು, “ಅಂಗಡಿ ತೆರೆದದ್ದಲ್ಲ, ಗಿರಾಕಿ ಇಲ್ಲ, ನೋಡಿ. ಮಿಷನ್ ಹಾಳಾಗಿದೆ, ಅದನ್ನು ರಿಪೇರಿ” ಎಂದು ಹೇಳುತ್ತಿದ್ದರು. ಒಬ್ಬ ಲೈಟಿನ ಸ್ಟ್ಯಾಂಡ್ ಎತ್ತಿ ಟಿವಿಗೆ ಹೊಡೆದ. ಇನ್ನೊಬ್ಬ ಕ್ಯಾಮರಾದ ಕಪಾಟು ಉರುಳಿಸಿದ. ಮೂರನೆಯವ ರಾಡು ಹಿಡಿದು ಮೇಜಿನ ಕಡೆಗೆ ಬಂದ.

ಮುಖ ಮುಚ್ಚಿದ್ದರಿಂದ ನನಗೆ ಅವನ ಕೈ ಮಾತ್ರ ಸರಿಯಾಗಿ ಕಾಣುತ್ತಿತ್ತು. ಮಣಿಕಟ್ಟಿನ ಹತ್ತಿರ ಅರ್ಧಚಂದ್ರದ ಹಾಗೆ ಒಂದು ಸುಟ್ಟ ಕಲೆ. ಆ ಕೈ ನನಗೆ ಗೊತ್ತಿತ್ತು. ಮದುವೆಯ ವಿಡಿಯೋದಲ್ಲಿ ಅದು ಕರಿಮಣಿ ಕಟ್ಟುವುದನ್ನು ನಾನು ನಿಧಾನಗತಿಗೆ ಇಳಿಸಿ, ಬೆರಳು ನಡುಗುವುದು ಚೆನ್ನಾಗಿ ಕಾಣುವಂತೆ ಹಾಡು ಕೂರಿಸಿದ್ದೆ. ಅವನ ಹೆಸರು ಬದಲಿಸಿ ಹರೀಶ ಎನ್ನುತ್ತೇನೆ. ದಾಮಣ್ಣನಿಗೂ ಅದೇ ಕ್ಷಣ ಗೊತ್ತಾಯಿತು. ಹೇಳಬೇಡಿ ಎಂದು ಕೂಗಿದರೆ ನಾನಿರುವುದು ತಿಳಿಯುತ್ತಿತ್ತು; ದೀಪದ ಮೇಲೆ ಅಂಗೈ ಇನ್ನೂ ಒತ್ತಿಕೊಂಡೆ.

“ನೀನು ಹರೀಶ ಅಲ್ವಾ?” ಎಂದರು ದಾಮಣ್ಣ, ಬೀದಿಯಲ್ಲಿ ಸಿಕ್ಕವರನ್ನು ಕೇಳುವ ಹಾಗೆ. “ನಿನ್ನ ಮದುವೆ ಉಂಟು ಮಾರಾಯ ಇದರಲ್ಲಿ. ನಿನ್ನ ಅಪ್ಪ ಉಂಟು. ಹತ್ತು ನಿಮಿಷ ಬಿಡು, ಆಮೇಲೆ ಎಂತ ಬೇಕಾದರೂ ಒಡಿ.”

ರಾಡು ಹಿಡಿದ ಕೈ ಅಲ್ಲೇ ನಿಂತಿತು. ದಾಮಣ್ಣ ಗೆದ್ದರು ಎಂದೇ ನಾನು ಎಣಿಸಿದ್ದೆ. ಆದರೆ ತನ್ನ ಗುರುತು ಹಿಡಿದವನನ್ನು ಹಾಗೇ ಬಿಟ್ಟು ಹೋಗಲು ಹರೀಶನಿಂದ ಆಗುತ್ತಿರಲಿಲ್ಲ. ಉಳಿದವರೂ ಅವನನ್ನೇ ನೋಡುತ್ತಿದ್ದರು. ಯಾರೋ ಮೆಲ್ಲನೆ, “ಹೆಸರು ಹೇಳಿದ ಅಲ್ಲ” ಎಂದರು.

ಮೊದಲ ಪೆಟ್ಟು ಭುಜಕ್ಕೆ ಬಿತ್ತು. ದಾಮಣ್ಣ ಬೀಳದೆ ಎರಡೂ ಕೈ ಅಗಲಿಸಿ ಮೇಜನ್ನು ಮುಚ್ಚಿದರು. ಎರಡನೆಯದು ಮೊಣಕೈಗೆ. ಒಣ ಕೊಂಬೆ ಮುರಿದಂತಹ ಸದ್ದು. ಮೂರನೆಯದು ತಲೆಗೆ. ಅವರು ಕುಳಿತುಕೊಂಡ ಹಾಗೆ ಕೆಳಗೆ ಸರಿದರು. ಆಮೇಲೆ ಕಾಲುಗಳು, ಹಲವು ಕಾಲುಗಳು. ರಾಡು ಕಂಪ್ಯೂಟರಿಗೆ ಬಿದ್ದದ್ದು ಅದರ ನಂತರ. ನನ್ನ ಅಂಗೈಯ ಕೆಳಗೆ ಮಿನುಗುತ್ತಿದ್ದ ದೀಪ ನಿಂತು, ಒಂದೇ ಸಮನೆ ಉರಿಯತೊಡಗಿತು.

ಅವರು ಹೋದ ಮೇಲೆ ಎಷ್ಟು ಹೊತ್ತು ನಾನು ಅಲ್ಲೇ ಇದ್ದೆ ಎಂದು ಗೊತ್ತಿಲ್ಲ. ಹೊರಗೆ ಬಂದಾಗ ದಾಮಣ್ಣನ ಬಲಗಿವಿಯಿಂದ ರಕ್ತ ಬರುತ್ತಿತ್ತು. ಕಣ್ಣು ತೆರೆದಿತ್ತು. ಬಾಯಿ ಅಲ್ಲಾಡಿಸಿದರು. ಬಗ್ಗಿ ಕೇಳಿದೆ.

“ಎಷ್ಟಕ್ಕೆ ನಿಂತಿತು?”

ಆಂಬುಲೆನ್ಸ್ ಸಿಗುವುದೇ ಕಷ್ಟವಾಯಿತು. ಮೂರು ಕಡೆ ರಸ್ತೆಗೆ ಅಡ್ಡ ಹಾಕಿದ ಕಲ್ಲು, ಟಯರು. ಡ್ರೈವರ್ ಇಳಿದು ಕೈ ಮುಗಿದು ಮುಗಿದು ದಾರಿ ಬಿಡಿಸಿಕೊಂಡ. ತಲಪಾಡಿ ಗೇಟು ದಾಟಿದೊಡನೆ ಎಲ್ಲವೂ ಬೇರೆ. ಅಲ್ಲಿ ಕರ್ನಾಟಕ, ಹರತಾಳ ಇಲ್ಲ. ಅಂಗಡಿ ತೆರೆದಿತ್ತು. ಜನ ಎಳನೀರಿನ ಬೊಂಡ ಕುಡಿಯುತ್ತಿದ್ದರು. ಮದುವೆಯ ಟೆಂಪೋ ಒಂದು ಹಾರ್ನ್ ಹಾಕುತ್ತಾ ನಮ್ಮನ್ನು ದಾಟಿತು. ದಾಮಣ್ಣನ ತಲೆ ನನ್ನ ತೊಡೆಯ ಮೇಲಿತ್ತು. ನನ್ನ ಚೂಡಿದಾರ್ ಒದ್ದೆಯಾಗಿ ಅಂಟಿಕೊಂಡಿತ್ತು. ಐದು ನಿಮಿಷದ ದಾರಿಯ ಆಚೆಗೆ ಜನ ಬೊಂಡ ಕುಡಿಯುತ್ತಿದ್ದಾರೆ ಎಂಬುದನ್ನು ನನ್ನ ತಲೆ ಇಂದಿಗೂ ಒಪ್ಪಿಕೊಂಡಿಲ್ಲ.

ಅವರು ಉಳಿದರು. ಬಲಗೈಗೆ ರಾಡು ಹಾಕಿದರು, ತಲೆಗೆ ಆಪರೇಷನ್ ಆಯಿತು. ಬಲಗಿವಿಯೂ ಹೆಚ್ಚುಕಡಿಮೆ ಹೋಯಿತು. ಪೊಲೀಸರು ಬಂದಾಗ ದಾಮಣ್ಣ ಹೆಸರು ಹೇಳಿದರು. ನಾನೂ ಹೇಳಿದೆ. ಹರೀಶ ಒಳಗೆ ಹೋಗಿ ಜಾಮೀನಿನಲ್ಲಿ ಹೊರಗೆ ಬಂದ. ನನ್ನ ಮನೆಯ ಮುಂದೆ ಕೆಲವು ದಿನ ಒಂದು ಬೈಕು ನಿಂತು, ಇಂಜಿನ್ ಬಂದ್ ಮಾಡದೆ, ನಂತರ ಹೋಗುತ್ತಿತ್ತು. ಯಾರೂ ಇಳಿದು ಏನೂ ಹೇಳಲಿಲ್ಲ. ಹೇಳುವುದು ಬೇಕಾಗಿಯೂ ಇರಲಿಲ್ಲ. ಇವತ್ತಿಗೂ ಯಾರಾದರೂ ಶಟರ್ ಎಳೆದರೆ ನನ್ನ ಕೈ ತಾನೇ ಏನನ್ನೋ ಮುಚ್ಚಲು ಹೋಗುತ್ತದೆ.

ಕೊನೆಯ ಸಲ ಅವರನ್ನು ನೋಡಿದ್ದು ಅವರ ಮನೆಯಲ್ಲಿ. ಜಗಲಿಯಲ್ಲಿ ಈಸಿಚೇರು ಹಾಕಿ ಕೂರಿಸಿದ್ದರು. ತಲೆಗೂದಲು ಬೋಳಿಸಿದಲ್ಲಿ ಬಿಳಿ ಚಿಗುರು ಬಂದಿತ್ತು. ನಾನು ಕಿವಿಯ ಹತ್ತಿರ ಗಟ್ಟಿಯಾಗಿ ಮಾತಾಡಬೇಕಿತ್ತು, ಪಕ್ಕದ ಮನೆಯವರೂ ಕೇಳಿಸಿಕೊಳ್ಳುವಷ್ಟು.

ನಾನು ಪೆಟ್ಟಿಗೆಯನ್ನು ಪರೀಕ್ಷಿಸಿ ಎಲ್ಲ ನೋಡಿ ಹೋಗಿದ್ದೆ. ಹಳೆಯ ವರ್ಷಗಳೆಲ್ಲ ಇದ್ದವು. ಕೊಡದೆ ಉಳಿದ ಮದುವೆಗಳೂ ಇದ್ದವು. ಕೊನೆಯ ಸಾಲಿನ ಒಂಬತ್ತು ಮದುವೆ ಇಳಿದಿರಲಿಲ್ಲ. ಟಿಕ್ ಎನ್ನುತ್ತಿದ್ದ ಡಿಸ್ಕು ಪುಡಿಯಾಗಿತ್ತು. ಆ ಒಂಬತ್ತು ಮನೆಗಳಿಗೆ ಫೋನ್ ಮಾಡಿ, ಅವರಲ್ಲಿರುವ ಡಿವಿಡಿ ತರಿಸಿ ಪ್ರತಿ ಮಾಡಿಕೊಳ್ಳಬೇಕು ಎಂದು ಅವರು ಆಗಲೇ ಹೇಳಿದ್ದರು. ಎಂಟು ಬಂದಿದ್ದವು.

“ಹೊಸ ಡಿಸ್ಕಿಗೆ ಎಷ್ಟು ಅಂತ ಲೆಕ್ಕ ಹಾಕಿದೆ?” ಎಂದರು.

ಹೇಳಿದೆ.

“ಕಡಿಮೆ ಹೇಳ್ತೀ. ಒಂಬತ್ತರದ್ದು ಹಾಕಿದೆಯಾ?”

“ಎಂಟು ದಾಮಣ್ಣ. ಒಂಬತ್ತನೆಯದು ಯಾರದ್ದು ಗೊತ್ತುಂಟಲ್ಲ ನಿಮಗೆ?”

“ಗೊತ್ತುಂಟು. ಅದಕ್ಕೂ ಹಾಕು.”

ನನಗೆ ಸಿಟ್ಟು ಬಂತು. ಗಟ್ಟಿಯಾಗಿ ಮಾತಾಡಬೇಕಾದ್ದರಿಂದ ಸಿಟ್ಟು ಇನ್ನೂ ಜಾಸ್ತಿ ಕೇಳಿಸಿತು. ನಿಮ್ಮ ತಲೆ ಒಡೆದವನ ಮದುವೆಯನ್ನು ನಾನು ಯಾಕೆ ಕಾಪಾಡಬೇಕು ಎಂದೆ. ಒಳಗಿನಿಂದ ಲಲಿತಕ್ಕ ಬಾಗಿಲಿಗೆ ಬಂದು, ಸರಿಯಾಗಿ ಕೇಳು ಸೌಮ್ಯಾ, ಇವರಿಗೆ ಬುದ್ಧಿ ಬರಲಿ ಎಂದರು.

ದಾಮಣ್ಣ ಎಡಗೈಯಿಂದ ಬಲಗೈಯನ್ನು ಎತ್ತಿ ಮಡಿಲಲ್ಲಿ ಸರಿಯಾಗಿ ಇಟ್ಟುಕೊಂಡರು.

“ಮದುವೆ ಅವನೊಬ್ಬನದ್ದಾ? ಆ ಹುಡುಗಿಯದ್ದು ಅಲ್ವಾ? ಅವಳ ಅಜ್ಜಿ ಕೂತಿದ್ದಾರೆ ಅದರಲ್ಲಿ ಮುಂದಿನ ಸಾಲಿನಲ್ಲಿ, ಎಲೆ ಜಗಿಯುತ್ತಾ. ಅವಳು ಎಂತ ಮಾಡಿದ್ದಾಳೆ ನಂಗೆ?”

“ಹಾಗಾದರೆ ಅವನನ್ನು ಬಿಟ್ಟುಬಿಡುದಾ?”

“ಯಾರು ಹೇಳಿದ್ದು ಬಿಡು ಅಂತ? ಅವನು ಜೈಲಿಗೆ ಹೋಗಬೇಕು. ನಾನು ಕೋರ್ಟಿಗೆ ಹೋಗಿ ಹೇಳ್ತೇನೆ, ನಂಗೆ ಆಗದಿದ್ದರೆ ನೀನು ಹೇಳಬೇಕು. ಅದು ಬೇರೆ. ಇದು ನಮ್ಮ ಕೆಲಸ.” ಮಡಿಲಿನ ಕೈಯನ್ನು ನೋಡುತ್ತಾ, “ಹರತಾಳಕ್ಕೆ ಕಾಯಬಾರದಿತ್ತು. ಒಂದು ಭಾನುವಾರ ಬಿಡಬೇಕಿತ್ತು ಮಾರಾಯ್ತಿ” ಎಂದರು. ಅಷ್ಟೇ. ಆಮೇಲೆ ಬಂಗುಡೆಯ ಸೀಸನ್ನಿನ ಬಗ್ಗೆ ಮಾತಾಡಿದರು.

ಅದಾಗಿ ಸ್ವಲ್ಪ ದಿನದಲ್ಲಿ ಒಂದು ಬೆಳಿಗ್ಗೆ ಸ್ನಾನಕ್ಕೆ ಎದ್ದವರು ಕುಸಿದರು. ತಲೆಯೊಳಗೆ ಮತ್ತೆ ರಕ್ತಸ್ರಾವವಾಗಿತ್ತಂತೆ. ಆಸ್ಪತ್ರೆಗೆ ತಲುಪಲಿಲ್ಲ. ಹಳೆಯ ಪೆಟ್ಟಿನಿಂದಲೇ ಎಂದು ಡಾಕ್ಟರು ಬರೆದುಕೊಟ್ಟರು. ಕೇಸು ಕೊಲೆಯ ಕೇಸಾಯಿತು.

ಬೊಜ್ಜದ, ಅಂದರೆ ಉತ್ತರಕ್ರಿಯೆಯ, ಊಟ ಮುಗಿದ ಮರುವಾರ ನಾನು ಸ್ಟುಡಿಯೋದಲ್ಲಿ ಒಬ್ಬಳೇ ಇದ್ದೆ. ಒಬ್ಬಳು ಹೆಂಗಸು ಬಂದು ಹೊಸ್ತಿಲ ಹೊರಗೆ ನಿಂತಳು. ಕೈಯಲ್ಲಿ ಜವಳಿ ಅಂಗಡಿಯ ಪ್ಲಾಸ್ಟಿಕ್ ಚೀಲ. ಮುಖ ಎತ್ತುವ ಮೊದಲೇ ನನಗೆ ಗುರುತು ಸಿಕ್ಕಿತು. ಒಂದು ತಿಂಗಳು ದಿನವೂ ಪರದೆಯ ಮೇಲೆ ನೋಡಿದ ಮುಖ. ಹರೀಶನ ಹೆಂಡತಿ.

“ದಾಮಣ್ಣ ಫೋನ್ ಮಾಡಿದ್ದರು ನಂಗೆ” ಎಂದಳು. “ಡಿವಿಡಿ ತಂದುಕೊಡು, ಒಂದು ಗಂಟೆಯ ಕೆಲಸ ಅಂತ. ಅವರಿಗೆ ನಾನು ಹೇಳಿದ್ದು ಎಂತದ್ದೂ ಕೇಳ್ತಿರಲಿಲ್ಲ. ಅವರೇ ಮಾತಾಡಿ ಇಟ್ಟರು. ಆವತ್ತೇ ಬರಬೇಕಿತ್ತು ನಾನು.”

“ಮನೆಯಲ್ಲಿ ಗೊತ್ತುಂಟಾ?”

“ಇಲ್ಲ.”

ಚೀಲವನ್ನು ನನಗೆ ಕೊಟ್ಟಳು. ನಾನು ಡಿವಿಡಿಯನ್ನು ಹೊಸ ಕಂಪ್ಯೂಟರಿಗೆ ಹಾಕಿ ಪ್ರತಿ ಮಾಡಲು ಬಿಟ್ಟೆ. ಅವಳಿಗೆ ಕೂರಲು ಹೇಳಲಿಲ್ಲ. ಅವಳೇ ಸ್ಟೂಲು ಎಳೆದು ರಸ್ತೆಯ ಕಡೆ ಮುಖಮಾಡಿ ಕುಳಿತಳು. ಪೆರ್ಲದ ಕಡೆ ಹೋಗುವ ಬಸ್ಸೊಂದು ಬಂದು ನಿಂತು ಜನ ಹತ್ತಿಸಿಕೊಂಡು ಹೋಯಿತು.

“ನೀವು ಕೋರ್ಟಿನಲ್ಲಿ ಹೇಳ್ತೀರಾ?” ಎಂದಳು, ನನ್ನ ಕಡೆ ತಿರುಗದೆ.

“ಹೇಳ್ತೇನೆ.”

“ಅವರೇ ಅಂತ?”

“ಅವರೇ ಅಂತ. ನಾನು ನೋಡಿದ್ದೇನೆ.”

ಅವಳು ಈಗ ಎದ್ದು ಡಿವಿಡಿ ಕೇಳಿ ಪಡೆದು ಹೋಗುತ್ತಾಳೆ ಎಂದುಕೊಂಡೆ. ಹೋಗಲಿಲ್ಲ. ಇನ್ನೊಂದು ಬಸ್ಸು ಬಂದು ಹೋದ ಮೇಲೆ, “ಮುಗೀಲಿಕ್ಕೆ ಇನ್ನೂ ಉಂಟಾ?” ಎಂದಳು. ಸ್ವಲ್ಪ ಉಂಟು ಎಂದೆ. “ಮುಗಿಯಲಿ, ಕೂರ್ತೇನೆ” ಎಂದಳು.

ಮುಗಿದ ಮೇಲೆ ಚೀಲ ತೆಗೆದುಕೊಂಡು ಎದ್ದಳು. ತಾನು ಬಂದದ್ದನ್ನು ಲಲಿತಕ್ಕನಿಗೆ ಹೇಳಬೇಡಿ ಎಂದಳು. ರಸ್ತೆಗೆ ಇಳಿದವಳು ಮತ್ತೆ ತಿರುಗಿ ಬಂದು, ಹೇಳಿದರೂ ಆಗಬಹುದು ಎಂದಳು.

ಮುಂದಿನ ತಿಂಗಳು ನನ್ನನ್ನು ಕಾಸರಗೋಡಿನ ಕೋರ್ಟಿಗೆ ಸಾಕ್ಷಿ ಹೇಳಲು ಕರೆದಿದ್ದಾರೆ. ಒಂದು ಕಡೆ ಹರೀಶ ನಿಂತಿರುತ್ತಾನೆ. ದಾಮಣ್ಣ ಅಂದು ಮೇಜಿಗೆ ಬೆನ್ನು ಕೊಟ್ಟು ಹೇಳಿದ ಹೆಸರನ್ನು ನಾನು ಹೇಳಬೇಕು. ಅದನ್ನು ಹೇಳಲು ಉಳಿದವಳು ನಾನೊಬ್ಬಳೇ.